ಹೊತ್ತವರ ಕಲ್ಲು

ಜನವರಿ 22

ಅಣ್ಣನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಹರಿದು ಎಸೆಯುವ ಮೊದಲು ಎರಡನೇ ಪುಟದವರೆಗಾದರೂ ಓದು. ಹನ್ನೊಂದು ವರ್ಷ ಮಾತು ಬಿಟ್ಟ ತಂಗಿ ಈಗ ಏಕೆ ಬರೆಯುತ್ತಿದ್ದಾಳೆ ಎಂದರೆ, ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ. ಕೆಲಸವಿಲ್ಲದೆ ಬರೆದಿದ್ದರೆ ನಿನಗೆ ಇನ್ನೂ ಹೆಚ್ಚು ಅನುಮಾನ ಬರುತ್ತಿತ್ತು. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಎಂದು ಇಟ್ಟುಬಿಡುತ್ತೀಯ.

ನಾನು ಈಗಲೂ ಕಲ್ಲು ಕೆತ್ತುತ್ತೇನೆ. ಸಮಾಧಿಗಳ ಮೇಲೆ ಹೆಸರು ಕೊರೆಯುವುದನ್ನು ಮಾತ್ರ ಬಿಟ್ಟು ನಾಲ್ಕು ವರ್ಷವಾಯಿತು. ಇಲ್ಲಿ ಊರ ಹಿಂದಿನ ದಿಬ್ಬದ ಮೇಲೆ ಹಳೆಯ ನಿಲುವುಗಲ್ಲುಗಳಿವೆಯಲ್ಲ, ಅಡ್ಡ ಬಿದ್ದ ಒಂದರ ಮೇಲೆ ಕೂತು ನೀನು ಲಾರಿ ಓಡಿಸುವ ಆಟ ಆಡುತ್ತಿದ್ದೆಯಲ್ಲ, ಅವುಗಳ ಮೈಯನ್ನು ಎಂದಾದರೂ ನೋಡಿದ್ದೀಯಾ? ತುಂಬ ಗುಳಿಗಳಿವೆ. ಗುಳಿಗಳ ಸುತ್ತ ಬಳೆಯಂಥ ವೃತ್ತಗಳು, ಒಂದರಿಂದ ಇನ್ನೊಂದಕ್ಕೆ ಹೋಗುವ ಗೆರೆಗಳು. ಸಾವಿರಾರು ವರ್ಷದ ಹಿಂದೆ ಯಾರು, ಏಕೆ ಕೊರೆದರೋ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನಗೆ ಮಾತ್ರ ಅವುಗಳನ್ನು ಕಂಡಾಗಲೆಲ್ಲ ‘ಅಲ್ಲಿಂದ ಹೊರಟೆವು, ಇಲ್ಲಿಗೆ ಬಂದೆವು’ ಎಂದು ಯಾರೋ ಹೇಳಿದ ಹಾಗಾಗುತ್ತದೆ.

ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ಜನ ಬಂದು ತಾವು ಬಂದ ದಾರಿಯನ್ನು ಹೇಳುತ್ತಾರೆ, ನಾನು ಅದನ್ನು ಕಲ್ಲಿಗೆ ಇಳಿಸುತ್ತೇನೆ. ಅಕ್ಷರವಿಲ್ಲ, ಹೆಸರಿಲ್ಲ. ಗುಳಿ ಎಂದರೆ ಒಬ್ಬ ಮನುಷ್ಯ, ಗೆರೆ ಎಂದರೆ ನಡೆದ ದಾರಿ, ಅಲೆಯಂತೆ ಬಾಗಿದ ಗೆರೆ ನೀರು. ಒಂಬತ್ತು ಊರು ತಿರುಗಿದ ದಾದಿಯೊಬ್ಬಳಿಗೆ ಒಂದು ಕೆತ್ತಿದೆ. ಹುಟ್ಟಿದ ಬೀದಿಯನ್ನೇ ಬಿಡದ ಕ್ಷೌರಿಕನೊಬ್ಬ ಬಂದು ‘ನಂದೂ ಒಂದಿರ್ಲಿ’ ಎಂದ. ಅವನಿಗೆ ನಟ್ಟನಡುವೆ ಒಂದು ಗುಳಿ, ಸುತ್ತ ಹದಿನಾರು ವೃತ್ತ. ‘ಸರಿಯಾಗಿದೆ, ಜೀವನವೆಲ್ಲ ಕುರ್ಚಿ ಸುತ್ತಾನೇ ಸುತ್ತಿದ್ದು’ ಎಂದು ಕುಣಿದಾಡಿಬಿಟ್ಟ. ಅಂಥ ಆರು ಕಲ್ಲುಗಳು ದಿಬ್ಬದ ಇಳಿಜಾರಿನಲ್ಲಿ ನಿಂತಿವೆ. ಏಳನೆಯದು ಅಮ್ಮನದು.

ಅಮ್ಮನ ದಾರಿ ಎಂದರೆ ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಸತ್ತು ಎರಡು ವಾರಕ್ಕೆ ಗಿರಣಿಯವರು ಮನೆ ಖಾಲಿ ಮಾಡಿ ಎಂದರು, ಬಸ್ಸುಗಳ ಮುಷ್ಕರ ನಡೆದಿತ್ತು, ಅಮ್ಮ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ನಿನ್ನ ಕೈ ಹಿಡಿದುಕೊಂಡು ದೊಡ್ಡಮ್ಮನಿದ್ದ ಈ ಊರಿಗೆ ನಡೆದೇ ಬಂದಳು. ನಿನಗೆ ಒಂಬತ್ತು, ನನಗೆ ಮೂರು. ಅಮ್ಮ ಅದನ್ನು ಹೇಳುವಾಗ ‘ಮೂರು ದಿನ, ಇವಳನ್ನ ಹೊತ್ಕೊಂಡು’ ಎಂದು ನನ್ನ ತಲೆ ಸವರುತ್ತಿದ್ದುದು ನೆನಪಿದೆ. ಮಿಕ್ಕದ್ದೊಂದೂ ನೆನಪಿಲ್ಲ. ಎಲ್ಲಿ ಮಲಗಿದೆವು? ಹೊಳೆ ಎಷ್ಟು ದಾಟಿದೆವು? ಈಗ ಅದು ಗೊತ್ತಿರುವವನು ಭೂಮಿಯ ಮೇಲೆ ನೀನೊಬ್ಬನೇ.

ಜಗಳ ಮರೆತಿದ್ದೇನೆ ಎಂದುಕೊಳ್ಳಬೇಡ. ಕಲ್ಲು ಕೆತ್ತುವ ಮಗಳು ಬದುಕಿರುವಾಗ ಅಮ್ಮನ ಸಮಾಧಿಗೆ ಅಂಗಡಿಯಿಂದ ಪಾಲಿಶ್ ಕಲ್ಲು ತಂದು ನೆಟ್ಟೆಯಲ್ಲ, ಅದು ಈಗಲೂ ಉರಿಯುತ್ತದೆ. ಅದರ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದು. ಆದರೂ ಕೇಳುತ್ತಿದ್ದೇನೆ.

ಉತ್ತರಕ್ಕೆ ಕಾಯುವ,
ತಂಗಿ


ಫೆಬ್ರವರಿ 19

ಶಿಲ್ಪಿಯವರ ಸನ್ನಿಧಾನಕ್ಕೆ,

ಪತ್ರ ತಲುಪಿತು. ಹರಿಯಲಿಲ್ಲ.

ಮೂರು ದಿನವಲ್ಲ, ನಾಲ್ಕು. ಅಮ್ಮ ಯಾವಾಗಲೂ ಒಂದು ದಿನ ಕಡಿಮೆ ಮಾಡಿಯೇ ಹೇಳುತ್ತಿದ್ದಳು. ನಾಲ್ಕು ಎಂದರೆ ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ, ಅದು ಅವಳಿಗೆ ಆಗುತ್ತಿರಲಿಲ್ಲ. ಮೂವತ್ತೆಂಟು ವರ್ಷ ಲಾರಿ ಓಡಿಸಿದವನು ನಾನು. ದಾರಿಯ ವಿಷಯದಲ್ಲಾದರೂ ನನ್ನನ್ನು ನಂಬು.

ಮೊದಲ ದಿನ ಇಟ್ಟಿಗೆ ಗೂಡಿನ ಮಗ್ಗುಲಲ್ಲಿ ಮಲಗಿದೆವು. ಗೂಡಿನ ಬಿಸಿ ನೆಲಕ್ಕೆ ಇಳಿದು ಬೆಚ್ಚಗಿತ್ತು. ಅಷ್ಟು ಸುಖದ ನಿದ್ದೆ ಆಮೇಲೆ ಯಾವ ಲಾಡ್ಜಿನಲ್ಲೂ ಸಿಗಲಿಲ್ಲ. ಎರಡನೇ ದಿನ ಹೊಳೆ, ಒಂದೇ ಒಂದು, ಆದರೆ ದೊಡ್ಡದು. ಮೂರನೇ ದಿನ ಬೀಗ ಹಾಕಿದ ಶಾಲೆಯ ಜಗಲಿ. ನೀನು ಅಲ್ಲಿನ ಗಂಟೆ ಬಾರಿಸಿ ಪಕ್ಕದ ಮನೆಯವರಿಂದ ಬೈಗುಳ ತಿನ್ನಿಸಿದೆ. ನಾಲ್ಕನೇ ದಿನ ಏರು. ಇಷ್ಟೇ.

ಅಂಗಡಿ ಕಲ್ಲಿನ ಮಾತು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ಹದಿನಾಲ್ಕು ತಿಂಗಳು ಕಾದೆ. ಕೇಳಿದಾಗಲೆಲ್ಲ ನೀನು ‘ಕಲ್ಲು ನೋಡ್ತಿದೀನಿ’ ಎಂದೆ. ಊರವರಿಗೆಲ್ಲ ಕೆತ್ತಿಕೊಡಲು ಕಲ್ಲು ಸಿಗುತ್ತಿತ್ತು, ಅಮ್ಮನ ತಲೆಯ ಬಳಿ ಮಾತ್ರ ಒಂದು ಮರದ ಗೂಟ. ಹೋದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ವಾಲಿರುತ್ತಿತ್ತು. ನೋಡಲಾಗದೆ ತಂದು ನೆಟ್ಟೆ. ಹೊಳೆದರೆ ಏನು ಗಂಟು ಹೋಯಿತು?

ಕಲ್ಲಿಗೆ ಗೆರೆ ಕೊರೆದರೆ ಸತ್ತವರು ನಡೆಯುತ್ತಾರೆಯೇ? ಏನೋ, ನಿನ್ನ ಕೆಲಸ ನಿನಗೆ.

ಇಂತಿ,
ಲಾರಿಯವನು

ನಾದಿನಿಗೆ ಅತ್ತಿಗೆಯ ಎರಡು ಸಾಲು. ಮೇಲಿನ ಗತ್ತನ್ನೆಲ್ಲ ನಂಬಬೇಡ. ನಿನ್ನ ಪತ್ರ ಬಂದ ದಿನ ತಮ್ಮ ಕನ್ನಡಕ ಸಿಗದೆ ನನ್ನದನ್ನು ಹಾಕಿಕೊಂಡು ಮೂರು ಸಲ ಓದಿದರು. ಇದನ್ನು ಬರೆಯಲು ನಾಲ್ಕು ವಾರ, ಹನ್ನೆರಡು ಹಾಳೆ ಹಿಡಿಯಿತು. ಹರಿದವು ನನ್ನ ಹತ್ತಿರ ಇವೆ.


ಮಾರ್ಚ್ 4

ಅಣ್ಣ,

ಅತ್ತಿಗೆಗೆ ನನ್ನ ದೊಡ್ಡ ನಮಸ್ಕಾರ. ಆ ಹನ್ನೆರಡು ಹಾಳೆಗಳನ್ನು ಜೋಪಾನ ಮಾಡಲು ಹೇಳು, ನಿನ್ನನ್ನು ಹೆದರಿಸಲು ಬೇಕಾಗುತ್ತದೆ.

ಇಟ್ಟಿಗೆ ಗೂಡು! ಅದನ್ನು ಓದಿ ಉಳಿ ಕೆಳಗಿಟ್ಟು ಒಬ್ಬಳೇ ನಕ್ಕೆ. ನನಗೆ ಎಂದಿನಿಂದಲೂ ಬಿಸಿ ಇಟ್ಟಿಗೆಯ ವಾಸನೆ ಎಂದರೆ ಕಣ್ಣು ಎಳೆಯುತ್ತದೆ. ಏಕೆಂದು ಗೊತ್ತಿರಲಿಲ್ಲ. ಗೂಡಿಗೆ ಒಂದು ಪುಟ್ಟ ಚೌಕ ಕೊರೆದೆ. ಶಾಲೆಯ ಗಂಟೆಯೂ ಬಂತು. ನಾಲ್ಕನೇ ದಿನಕ್ಕೆ ಜಾಗವಿತ್ತು, ಗೆರೆಯನ್ನು ಮೇಲಕ್ಕೆ ಎಳೆದೆ.

ಹದಿನಾಲ್ಕು ತಿಂಗಳ ಮಾತು ನಿಜ. ಆಗ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಕಲ್ಲು ಮೊದಲ ವಾರವೇ ಸಿಕ್ಕಿತ್ತು. ಸೀಮೆಸುಣ್ಣದಲ್ಲಿ ಅವಳ ಹೆಸರನ್ನೂ ಬರೆದಿದ್ದೆ. ಉಳಿಯನ್ನು ಮೊದಲ ಅಕ್ಷರದ ಮೇಲಿಟ್ಟು ಸುತ್ತಿಗೆ ಎತ್ತಿದರೆ ಕೈ ಬರುತ್ತಿರಲಿಲ್ಲ. ಸಾವಿರ ಜನರ ಹೆಸರು ಕೊರೆದ ಕೈ. ಅದೊಂದು ಅಕ್ಷರ ಬಿದ್ದರೆ ಅಮ್ಮ ನಿಜವಾಗಿಯೂ ಸತ್ತಂತೆ ಎನ್ನಿಸುತ್ತಿತ್ತು. ಮಳೆ ಬಂದು ಸೀಮೆಸುಣ್ಣ ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಿದ್ದೆ. ನೀನು ಬೇರೆ ಕಲ್ಲು ತಂದೆ ಎಂದು ತಿಳಿದಾಗ ಸಿಟ್ಟಿನ ಜೊತೆಗೆ, ಹೇಳಲು ನಾಚಿಕೆ, ಒಂದು ಚೂರು ಹಗುರವೂ ಆಯಿತು. ಆ ಹಗುರವಾದದ್ದಕ್ಕೇ ನಿನ್ನ ಮೇಲೆ ಇನ್ನಷ್ಟು ಕೂಗಾಡಿದೆ.

ಜೊತೆಗೆ ಒಂದು ಅಚ್ಚು ಕಳಿಸಿದ್ದೇನೆ. ಕಲ್ಲಿನ ಮೇಲೆ ಕಾಗದ ಹಾಸಿ ಇದ್ದಿಲಿನಿಂದ ತಿಕ್ಕಿದರೆ ಕೊರೆದದ್ದೆಲ್ಲ ಬಿಳಿಯಾಗಿ ಮೂಡುತ್ತದೆ. ಬುಡದಲ್ಲಿರುವ ದೊಡ್ಡ ಗುಳಿ ಅಮ್ಮ. ಅವಳ ವೃತ್ತದೊಳಗೆ ಅಂಗಿಯ ಗುಂಡಿಯಷ್ಟು ಪುಟ್ಟದಾಗಿ ಅಂಟಿಕೊಂಡಿರುವುದು ನಾನು. ಪಕ್ಕದಲ್ಲಿ, ವೃತ್ತದ ಹೊರಗೆ, ಒಬ್ಬನೇ ನಡೆಯುತ್ತಿರುವ ಗುಳಿ ನೀನು. ಹೊಳೆಯ ಜಾಗ ಖಾಲಿ ಬಿಟ್ಟಿದ್ದೇನೆ. ಹೇಗಿತ್ತು ಬರೆ.

ಕೋಪ ಅರ್ಧ ಇಳಿದ,
ನಿನ್ನ ತಂಗಿ


ಮಾರ್ಚ್ 30

ತಂಗಿಗೆ,

ಅಚ್ಚು ಚೆನ್ನಾಗಿದೆ. ನಿನ್ನ ಅತ್ತಿಗೆ ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ಇದ್ದಿಲು ನನ್ನ ಬಿಳಿ ಅಂಗಿಗೆಲ್ಲ ಹತ್ತಿದೆ. ಸೀಮೆಸುಣ್ಣದ ಮಾತು ಆಗಲೇ ಹೇಳಬಾರದಿತ್ತೇನೇ? ನಾನೇನು ಹುಲಿಯೇ?

ಹೊಳೆಯ ವಿಷಯ ಕೇಳಿದ್ದೆಯಲ್ಲ. ದೋಣಿಯವನು ಇರಲಿಲ್ಲ, ಅವನೂ ಮುಷ್ಕರವಂತೆ. ದನ ದಾಟಿಸುವ ಜಾಗ ಹುಡುಕಿ ಇಳಿದೆವು. ಅಮ್ಮನಿಗೆ ಎದೆಯವರೆಗೆ ನೀರು. ತಲೆಯ ಮೇಲೆ ಹೊಲಿಗೆ ಮಷೀನು ಹೊತ್ತು, ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಆಚೆ ಹೋದಳು. ನಡುವೆ ಕಾಲು ಜಾರಿ ಒಂದು ಸಲ ಮುಳುಗಿದಳು, ಮಷೀನು ಮಾತ್ರ ನೀರಿನ ಮೇಲೆಯೇ ಇತ್ತು. ಮಷೀನೊಂದೇ ಹೊಳೆ ದಾಟುತ್ತಿದೆಯೇನೋ ಎಂಬಂತೆ ಕಂಡಿತು. ದಡಕ್ಕೆ ಬಂದವಳೇ ತನ್ನ ಮೈ ಒರೆಸಿಕೊಳ್ಳಲಿಲ್ಲ, ಮಷೀನಿಗೆ ಸಿಡಿದ ಹನಿಗಳನ್ನು ಒರೆಸಿದಳು, ಚಕ್ರ ತಿರುಗಿಸಿ ನೋಡಿದಳು. ಆಮೇಲೆ ನಮ್ಮನ್ನು ದಾಟಿಸಲು ವಾಪಸು ಬಂದಳು.

ನೀರಿಗೆ ಮೂರು ಅಲೆ ಹಾಕು. ಒಂದು ಸಾಲದು.

ಅಣ್ಣ


ಏಪ್ರಿಲ್ 7

ಅಣ್ಣ,

ಅಮ್ಮನ ತಲೆಯ ಮೇಲೆ ಮಷೀನಿತ್ತು. ಹಾಗಾದರೆ ನಾನೆಲ್ಲಿದ್ದೆ?

ಹೊಲಿಗೆ ಮಷೀನನ್ನು ಆಮೇಲೆ ಯಾರೋ ಗಾಡಿಯಲ್ಲಿ ತಂದುಕೊಟ್ಟರು ಎಂದುಕೊಂಡಿದ್ದೆ. ಅದು ಈಗಲೂ ನನ್ನ ಕೋಣೆಯಲ್ಲಿದೆ. ನಿನ್ನ ಪತ್ರ ಓದಿ ತಕ್ಕಡಿಗೆ ಇಟ್ಟೆ. ಮರದ ಪೀಠವೂ ಸೇರಿ ಹದಿನೈದು ಕಿಲೋ. ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಒಂದು ಸುತ್ತು ಬಂದೆ. ಕಲ್ಲು ಎತ್ತುವ ಹೆಂಗಸು ನಾನು, ನನಗೇ ಕುತ್ತಿಗೆ ಹಿಡಿದುಕೊಂಡಿತು. ಅದರ ಜೊತೆಗೆ ಬೆನ್ನ ಮೇಲೆ ಮೂರು ವರ್ಷದ ಮಗುವನ್ನೂ ಹೊತ್ತು ನಾಲ್ಕು ದಿನ ಯಾರೂ ನಡೆಯಲಾರರು. ಅಮ್ಮನಾದರೂ ಸರಿ.

ನನ್ನನ್ನು ಯಾರು ಹೊತ್ತರು?


ಮೇ 3

ಅಣ್ಣ,

ತಿಂಗಳಾಗುತ್ತ ಬಂತು. ಅಂಚೆಯವನ ಸೈಕಲ್ ಸದ್ದು ಕೇಳಿದರೆ ಉಳಿ ಹಿಡಿದುಕೊಂಡೇ ಗೇಟಿಗೆ ಓಡುತ್ತೇನೆ, ಅವನು ಹೆದರಿದ್ದಾನೆ. ಕಲ್ಲಿಗೆ ಗೋಣಿತಟ್ಟು ಹೊದಿಸಿಬಿಟ್ಟಿದ್ದೇನೆ. ಮುಟ್ಟಿಲ್ಲ.

ಉತ್ತರ ನನಗೆ ಗೊತ್ತಿಲ್ಲವೆಂದಲ್ಲ. ನಿನ್ನ ಬಾಯಲ್ಲಿ ಬರಲಿ ಎಂದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಎಷ್ಟು ದಿನ ಕೂರುತ್ತೀಯ?

ತಂಗಿ


ಮೇ 20

ಚೋಟು,

ಈ ಹೆಸರಿನಿಂದ ಕರೆದು ಎಷ್ಟು ವರ್ಷವಾಯಿತೋ.

ಹೌದು, ನಾನೇ ಹೊತ್ತೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ಸುಮ್ಮನಿದ್ದೆ. ಗಿರಣಿಮನೆಯ ಕಿಟಕಿಯ ಪರದೆ ಬಿಚ್ಚಿ ನಿನ್ನನ್ನು ನನ್ನ ಬೆನ್ನಿಗೆ ಕಟ್ಟಿದಳು. ನೀನು ಒಂದು ಕ್ಷಣ ಸುಮ್ಮನಿರುವ ಕೂಸಾಗಿದ್ದರೆ ಬೇರೆ ಮಾತು. ನನ್ನ ಎರಡು ಕಿವಿ ಹಿಡಿದು ಈ ಕಡೆ ಆ ಕಡೆ ಎಳೆದು ದಾರಿ ತೋರಿಸುತ್ತಿದ್ದೆ. ಎರಡು ಸಲ ಬೆನ್ನು ಒದ್ದೆ ಮಾಡಿದೆ. ಜೀವನದಲ್ಲಿ ಕಬ್ಬಿಣ, ಸಿಮೆಂಟು, ಒಂದು ಸಲ ಸರ್ಕಸ್ಸಿನ ಒಂಟೆಯನ್ನೂ ಸಾಗಿಸಿದ್ದೇನೆ. ನನ್ನ ಮೊದಲ ಲೋಡು ನೀನೇ. ಅಷ್ಟು ಕಿರಿಕಿರಿಯ ಲೋಡು ಆಮೇಲೆ ಸಿಗಲಿಲ್ಲ.

ದೊಡ್ಡಮ್ಮನ ಊರಿಗೆ ಬಂದ ಮೇಲೆ ಅಮ್ಮ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದಳು: ‘ಅವಳಿಗೆ ಹೇಳ್ಬೇಡ ಕಣೋ. ನಮ್ಮಮ್ಮ ಮಷೀನ್ ಹೊತ್ಕೊಂಡು ನನ್ನ ಬಿಟ್ಳು ಅಂದ್ಕೋತಾಳೆ.’ ಸರಿ ಎಂದೆ. ಆಮೇಲೆ ಅವಳು ಬಂದವರಿಗೆಲ್ಲ ‘ಇವಳನ್ನ ಹೊತ್ಕೊಂಡು ಬಂದೆ’ ಎನ್ನುವಾಗ ಒಂದು ಸಲ ನನ್ನ ಕಡೆ ನೋಡುತ್ತಿದ್ದಳು. ನಾನು ಸೂರು ನೋಡುತ್ತಿದ್ದೆ. ಆ ಮಷೀನು ಇಲ್ಲದಿದ್ದರೆ ನಾವು ಏನು ಉಣ್ಣುತ್ತಿದ್ದೆವು ಎಂಬುದು ನನಗೂ ಗೊತ್ತಿತ್ತು. ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಬೇರೆ ಒಂದಿದೆ. ಕೊನೆಯ ಏರಿನಲ್ಲಿ ನಡೆದದ್ದು. ಅದು ಅಮ್ಮನಿಗೂ ನನಗೂ ಇರುವ ಲೆಕ್ಕ. ಅವಳು ಹೋದ ಮೇಲೂ ನನ್ನಲ್ಲಿ ಹಾಗೆಯೇ ಉಳಿದಿದೆ. ಬರೆಯಲಾರೆ, ಒತ್ತಾಯ ಮಾಡಬೇಡ.

ಕಲ್ಲಿನಲ್ಲಿ ಏನನ್ನೂ ಬದಲಿಸಬೇಡ. ಅಮ್ಮ ಹೇಳಿದ ಹಾಗೆಯೇ ಇರಲಿ.

ಅಣ್ಣ


ಜೂನ್ 2

ಅಣ್ಣ,

ನಿನ್ನ ಪತ್ರವನ್ನು ಕಲ್ಲಿನ ಮೇಲೆ ಕೂತು ಓದಿದೆ. ಆಮೇಲೆ ಕೂತೇ ಇದ್ದೆ. ಐವತ್ತಾರು ವರ್ಷದ ಹೆಂಗಸು, ಅಳುವುದಕ್ಕೂ ನಗುವುದಕ್ಕೂ ನಡುವೆ ಮೂಗು ಒರೆಸಿಕೊಳ್ಳುತ್ತಿದ್ದೆ. ಅಮ್ಮನ ಮೇಲೆ ಕೋಪ ಬರುತ್ತದೆಯೇನೋ ಎಂದು ಕಾದೆ. ಬರಲಿಲ್ಲ. ನನ್ನನ್ನು ಬಿಟ್ಟಳು ಎಂದೂ ಅನ್ನಿಸಲಿಲ್ಲ. ನಿನ್ನ ಬೆನ್ನಿಗೆ ಕಟ್ಟಿದ್ದಳಲ್ಲ, ಬಿಟ್ಟದ್ದೆಲ್ಲಿ?

ಬದಲಿಸಬೇಡ ಎಂದೆ. ಬದಲಿಸಲು ನನಗೂ ಬರುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರಲ್ಲ, ನಮ್ಮ ಕಸುಬೂ ಹಾಗೆಯೇ. ಕಲ್ಲಿನಿಂದ ತೆಗೆಯಬಹುದು, ಕಲ್ಲಿಗೆ ಹಾಕಲಾಗದು. ಅಮ್ಮನ ವೃತ್ತದೊಳಗೆ ಒಮ್ಮೆ ಗುಳಿಯಾದೆ, ಅಲ್ಲೇ ಇರುತ್ತೇನೆ. ಎಲ್ಲವನ್ನೂ ವಿಚಾರಿಸದೆ ಉಳಿ ಹಿಡಿದದ್ದು ನನ್ನದೇ ತಪ್ಪು. ಈ ಕೆಲಸದಲ್ಲಿ ಮೊದಲು ಕೇಳಬೇಕು, ಆಮೇಲೆ ಕುಟ್ಟಬೇಕು. ಅಮ್ಮನ ಕಥೆ ನನಗೆ ಬಾಯಿಪಾಠ ಎಂಬ ಸೊಕ್ಕು.

ಆದರೆ ಹೊಸ ಗುಳಿ, ಹೊಸ ಗೆರೆ ಸೇರಿಸಲು ಬರುತ್ತದೆ. ಹಾಗಾಗಿ ನಿನ್ನೆ ನಿನ್ನ ಗುಳಿಯ ಸುತ್ತಲೂ ಒಂದು ವೃತ್ತ ಕೊರೆದೆ. ಅದರೊಳಗೆ ಗುಂಡಿಯಷ್ಟು ಇನ್ನೊಂದು ಗುಳಿ. ಈಗ ನಾನು ಎರಡು ಕಡೆ ಇದ್ದೇನೆ. ನೋಡಿದವರು ‘ಇದೇನು, ಕೂಸು ಎರಡಾ?’ ಎಂದು ಕೇಳುತ್ತಾರೆ. ಕೇಳಲಿ. ಹೇಳಲು ಒಳ್ಳೆಯ ಕಥೆಯಿದೆ.

ಏರಿನ ವಿಷಯ ಒತ್ತಾಯ ಮಾಡುವುದಿಲ್ಲ. ಅಲ್ಲಿ ಒಂದೇ ಗೆರೆ ಸೀದಾ ಮೇಲಕ್ಕೆ ಹೋಗುತ್ತದೆ, ಕಲ್ಲಿನ ನೆತ್ತಿಯವರೆಗೆ. ಹಾಗೆಯೇ ಬಿಟ್ಟಿದ್ದೇನೆ.

ಈಗ ಮುಖ್ಯ ಮಾತು. ಆಗಸ್ಟ್ ಹನ್ನೆರಡಕ್ಕೆ ಕಲ್ಲು ನಿಲ್ಲಿಸುತ್ತೇವೆ. ಎಂಟು ಅಡಿ, ಮೂರು ಟನ್. ಹಳೆಯ ಕಲ್ಲುಗಳ ಹತ್ತಿರ ಕ್ರೇನು ತರುವಂತಿಲ್ಲ, ನೆಲ ಅದುರುತ್ತದೆ ಎಂದು ಅಲ್ಲಿನ ಕಾವಲಿನವನು ಮೊದಲೇ ತಾಕೀತು ಮಾಡಿದ್ದಾನೆ. ಆ ಕಾಲದವರು ಹೇಗೆ ಸಾಗಿಸಿರಬಹುದೋ ನಾವೂ ಹಾಗೆಯೇ: ಮರದ ಚೌಕಟ್ಟಿಗೆ ಕಲ್ಲನ್ನು ಬಿಗಿದು, ಅಡಿಗೆ ಉರುಳುವ ದಿಮ್ಮಿಗಳನ್ನು ಹಾಕಿ, ನಲವತ್ತು ಜನ ಹಗ್ಗ ಹಿಡಿದು ಎಳೆಯುವುದು. ಒಂದು ಹಗ್ಗ ಜಾರಿದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಭಾರ ಸಾಗಿಸುವುದು ಗೊತ್ತಿರುವವರು ಒಬ್ಬರಾದರೂ ಜೊತೆಯಲ್ಲಿದ್ದರೆ ನನಗೆ ಧೈರ್ಯ. ಬಾ.

ನಿನ್ನ ಮೊದಲ ಲೋಡು,
ಚೋಟು


ಜುಲೈ 6

ಚೋಟು,

ಎಡಭುಜ ಏಳುವುದಿಲ್ಲ, ಹಗ್ಗ ಎಳೆಯುವುದು ನನ್ನಿಂದಾಗದು. ಬಸ್ಸಿನಲ್ಲಿ ಒಂದು ಹಗಲು ಕೂರುವುದೆಂದರೆ ಬೇರೆಯವನು ಓಡಿಸುವುದನ್ನು ನೋಡುತ್ತ ಕೂರಬೇಕು, ಅದೂ ಆಗದು. ಇನ್ನೊಂದು ಸಲ ನೋಡೋಣ.

ದಿಮ್ಮಿಗಳು ಒಂದೇ ದಪ್ಪ ಇರಲಿ. ಹಿಂದಿನ ಹಗ್ಗ ಸಡಿಲ ಬಿಡಬೇಡ, ಏರಿನಲ್ಲಿ ಲೋಡು ಹಿಂದಕ್ಕೇ ಬರುವುದು.

ಅಣ್ಣ

ಅತ್ತಿಗೆಯ ಸಾಲು: ಹನ್ನೊಂದರ ಸಂಜೆ ಬಸ್ ನಿಲ್ದಾಣಕ್ಕೆ ಬಾ. ಇಬ್ಬರೂ ಬರುತ್ತೇವೆ. ಇವರಿಗೆ ಇನ್ನೂ ಗೊತ್ತಿಲ್ಲ.


ಆಗಸ್ಟ್ 16

ಅಣ್ಣ,

ಮೈಯೆಲ್ಲ ಹಣ್ಣಾಗಿದೆ, ಆದರೂ ಬೆಳಿಗ್ಗೆ ಎದ್ದ ಕೂಡಲೇ ದಿಬ್ಬಕ್ಕೆ ಹೋಗಿ ನೋಡಿಕೊಂಡು ಬರುತ್ತೇನೆ. ನಿಂತಿದೆ! ನಾಲ್ಕು ದಿನದಿಂದಲೂ ನಿಂತಿದೆ.

ಮೊದಲ ಅರ್ಧ ಗಂಟೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿದ್ದ ಜನರನ್ನು ನೀನು ಒಂದು ಗದರಿಕೆಯಲ್ಲಿ ಸಾಲಿಗೆ ತಂದೆಯಲ್ಲ, ಊರಲ್ಲಿ ಈಗಲೂ ಅದೇ ಮಾತು. ದಾದಿ ಕೇಳುತ್ತಿದ್ದಳು, ‘ನಿಮ್ಮಣ್ಣ ಮಿಲಿಟ್ರೀಲಿದ್ರಾ?’ ಎಂದು. ಕಲ್ಲಿನ ಬುಡ ಗುಂಡಿಗೆ ಜಾರಿ ಧಡ್ ಎಂದು ಕೂತಾಗ ಕಾಲಡಿಯ ನೆಲ ಒಮ್ಮೆ ನಡುಗಿತಲ್ಲ, ಆಗ ನನಗಾದ ಸಂತೋಷವನ್ನು ಹೇಳಲು ಬರುವುದಿಲ್ಲ. ತಿರುಗಿ ನಿನ್ನನ್ನು ಹುಡುಕಿದೆ.

ನೀನು ಇಳಿಜಾರಿನಲ್ಲಿ ಕೂತಿದ್ದೆ, ದಿಮ್ಮಿ ಪಕ್ಕದಲ್ಲಿಟ್ಟುಕೊಂಡು. ಊಟಕ್ಕೆ ಕರೆದರೆ ಬರಲಿಲ್ಲ. ಎಲ್ಲರೂ ಹೋದ ಮೇಲೆ ಕಲ್ಲಿನ ಹತ್ತಿರ ಬಂದೆ, ಕೈಯೆತ್ತಿ ನಿಲುಕಿದಷ್ಟು ಮೇಲೆ ಸವರಿದೆ, ಒಂದು ಮಾತೂ ಆಡದೆ ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟೆ. ಅತ್ತಿಗೆ ಕಿಟಕಿಯಿಂದ ನನಗೆ ಕೈಸನ್ನೆಯಲ್ಲಿ ಏನೋ ಹೇಳಿದಳು, ತಿಳಿಯಲಿಲ್ಲ.

ಕಲ್ಲು ಇಷ್ಟವಾಗಲಿಲ್ಲವೇ? ನಿನ್ನ ಗುಟ್ಟನ್ನು ಊರೆದುರು ನಿಲ್ಲಿಸಿದೆನೆಂದು ಬೇಜಾರೇ? ಹೇಳು. ಇನ್ನು ಹನ್ನೊಂದು ವರ್ಷ ಕಾಯುವ ವಯಸ್ಸು ನಮ್ಮಿಬ್ಬರಿಗೂ ಇಲ್ಲ.

ಚೋಟು


ಆಗಸ್ಟ್ 27

ಚೋಟು,

ಬೇಜಾರಲ್ಲ. ಕೋಪವೂ ಅಲ್ಲ. ನಿನ್ನ ಕಲ್ಲಿನಷ್ಟು ಇಷ್ಟವಾದ ವಸ್ತು ಈಚೆಗೆ ಯಾವುದನ್ನೂ ನೋಡಿಲ್ಲ. ಅವತ್ತು ಬಾಯಿ ತೆರೆದಿದ್ದರೆ ಅಷ್ಟು ಜನರೆದುರು ಅತ್ತುಬಿಡುತ್ತಿದ್ದೆ, ಅದಕ್ಕೆ ಹೊರಟೆ.

ನನ್ನ ಭುಜ ನೋಡಿ ನೀನು ಒಂದು ಕೆಲಸ ಕೊಟ್ಟೆ. ಕಲ್ಲು ಮುಂದೆ ಸಾಗಿದಂತೆ ಹಿಂದೆ ಉಳಿಯುವ ದಿಮ್ಮಿಯನ್ನು ಬಲಹೆಗಲ ಮೇಲೆ ಹೊತ್ತು ಮೇಲೆ ಹೋಗಿ ಮುಂದಕ್ಕೆ ಹಾಕುವುದು, ಮತ್ತೆ ಇಳಿದು ಇನ್ನೊಂದನ್ನು ತರುವುದು. ಕಲ್ಲು ಏರಿದ್ದು ಒಂದೇ ಸಲ. ನಾನು ಅದೇ ಏರನ್ನು ಹತ್ತಿ ಇಳಿದು, ಹತ್ತಿ ಇಳಿದು ಮಾಡುತ್ತಿದ್ದೆ. ಹಗ್ಗದ ತುದಿಯಲ್ಲಿದ್ದ ನಿನ್ನ ಕ್ಷೌರಿಕ ನಕ್ಕು ಹೇಳಿದ: ‘ಏನ್ ಯಜಮಾನ್ರೇ, ನಾವು ಒಂದ್ಸಲ ಹತ್ತೋಷ್ಟರಲ್ಲಿ ನೀವು ಹತ್ತು ಸಲ ಹತ್ತಿದ್ರಿ. ಯಾರಿಗೂ ಲೆಕ್ಕಕ್ಕೇ ಸಿಗಲ್ಲ ನಿಮ್ಮ ಕೆಲಸ.’ ನಾನೂ ನಕ್ಕೆ. ಆಮೇಲೆ ದಿಮ್ಮಿಯನ್ನು ಪಕ್ಕಕ್ಕೆ ಇಳಿಸಿದೆ. ಕೂತುಬಿಟ್ಟೆ.

ಬರೆಯಲಾರೆ ಎಂದಿದ್ದೆನಲ್ಲ, ಅದನ್ನು ಈಗ ಬರೆಯುತ್ತೇನೆ. ನಾಲ್ಕನೇ ದಿನ ಏರಿನ ಬುಡಕ್ಕೆ ಬರುವಷ್ಟರಲ್ಲಿ ನನ್ನ ಹಿಮ್ಮಡಿ ಒಡೆದು ರಕ್ತ ಸೋರುತ್ತಿತ್ತು. ಮೋರಿಯ ಪಕ್ಕದಲ್ಲಿ ಗಂಟು ಬಿಚ್ಚಿ ನಿನ್ನನ್ನು ಇಳಿಸಿ, ‘ನನ್ ಕೈಲಾಗಲ್ಲಮ್ಮ’ ಎಂದು ನೆಲದ ಮೇಲೆ ಬಿದ್ದುಕೊಂಡೆ. ಹಾಗೆಯೇ ನಿದ್ದೆ ಬಂತು. ಎಚ್ಚರವಾದಾಗ ಏರಿನ ಮೇಲೆ, ರಸ್ತೆ ಕೆಲಸದವರ ಗುಡಿಸಲಿನಲ್ಲಿದ್ದೆ. ಪಕ್ಕದಲ್ಲಿ ನೀನು ಮಲಗಿದ್ದೆ. ಯಾರೋ ಒಬ್ಬಳು ಮುದುಕಿ ಬಾಗಿಲಲ್ಲಿ ಕೂತಿದ್ದಳು. ಅಮ್ಮ ಇಲ್ಲ. ಎಲ್ಲಿ ಎಂದು ಕೇಳಿದೆ. ‘ಮಷೀನ್ ತರೋಕೆ ಹೋಗಿದಾಳೆ’ ಎಂದಳು.

ಅಷ್ಟೇ ಮಾತು. ಅಪ್ಪ ಹೋಗಿ ಎರಡು ವಾರವಾಗಿತ್ತು, ಅಮ್ಮನೂ ಹೋದಳು ಎಂದು ಗಂಟಲು ಹರಿಯುವಂತೆ ಅತ್ತೆ. ಮಕ್ಕಳನ್ನು ಗೊತ್ತಿಲ್ಲದವರ ಗುಡಿಸಲಲ್ಲಿ ಬಿಟ್ಟು ಮಷೀನಿನ ಹಿಂದೆ ಹೋದಳಲ್ಲ, ನಮಗಿಂತ ಅದೇ ಹೆಚ್ಚಾಯಿತಲ್ಲ ಎಂದು. ಅವಳು ಏದುಸಿರು ಬಿಡುತ್ತ ಬಂದು ಕರೆದಾಗ ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಐವತ್ಮೂರು ವರ್ಷ ಒಳಗೊಳಗೆ ಹಾಗೆಯೇ ತಿರುಗಿಸಿಕೊಂಡಿದ್ದೆ. ಅಮ್ಮನ ಸಮಾಧಿಗೆಂದು ಅಂಗಡಿಗೆ ಹೋಗಿ ಮೊದಲು ಕಣ್ಣಿಗೆ ಬಿದ್ದ ಕಲ್ಲನ್ನು ತೋರಿಸಿ ‘ಇದನ್ನ ಕೊಡಿ’ ಎಂದೆನಲ್ಲ, ಅದರಲ್ಲೂ ಆ ಸಿಟ್ಟು ಸ್ವಲ್ಪ ಇತ್ತು.

ದಿಬ್ಬದ ಮೇಲೆ ಕೂತಾಗ ನನಗೆ ಹೊಳೆದದ್ದು ಇಷ್ಟು. ನಾನು ಮಲಗಿದ್ದು ಏರಿನ ಕೆಳಗೆ. ಎದ್ದದ್ದು ಮೇಲೆ. ನಡುವಿನ ದಾರಿಯನ್ನು ನಾನು ನಡೆದಿಲ್ಲ. ಲಾರಿಯಲ್ಲಿ ಅದೇ ಏರನ್ನು ನೂರಾರು ಸಲ ಹತ್ತಿದ್ದೇನೆ, ಎರಡನೇ ಗೇರಿಗೆ ಹಾಕಿ, ಅಮ್ಮನನ್ನು ಬೈದುಕೊಂಡು. ಒಂದು ಸಲವೂ ಈ ಸಣ್ಣ ಲೆಕ್ಕ ತಲೆಗೆ ಬರಲಿಲ್ಲ.

ಮೊದಲು ನಿನ್ನನ್ನು ಒಯ್ದು ಮುದುಕಿಯ ಹತ್ತಿರ ಬಿಟ್ಟಿದ್ದಾಳೆ. ಇಳಿದು ಬಂದು ನನ್ನನ್ನು ಹೊತ್ತಿದ್ದಾಳೆ, ಒಂಬತ್ತು ವರ್ಷದ ಹುಡುಗನನ್ನು, ನಿದ್ದೆ ಕೆಡದ ಹಾಗೆ. ಮಷೀನು ಅಷ್ಟು ಹೊತ್ತೂ ಮೋರಿಯ ಹತ್ತಿರ ದಿಕ್ಕಿಲ್ಲದೆ ಬಿದ್ದಿತ್ತು. ಅದರ ಸರದಿ ಬಂದದ್ದು ಕೊನೆಗೆ.

ನಾನು ಶಾಲೆಯಲ್ಲಿ, ಬೀದಿಯಲ್ಲಿ, ‘ನಾಲ್ಕು ದಿನವೂ ನಾನೇ ನಡೆದೆ, ಒಂದು ಹೆಜ್ಜೆಯೂ ಹೊರಿಸಿಕೊಂಡಿಲ್ಲ’ ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದೆ. ಅಮ್ಮನೆದುರೇ ಎಷ್ಟೋ ಸಲ ಹೇಳಿದ್ದೇನೆ. ಅವಳು ಬಟ್ಟೆ ಹೊಲಿಯುತ್ತ ‘ಹೌದು, ನನ್ ಮಗ ಒಬ್ಬನೇ ನಡೆದ’ ಎನ್ನುತ್ತಿದ್ದಳು.

ಏರಿಗೆ ನೀನು ಒಂದೇ ಗೆರೆ ಹಾಕಿದ್ದೀಯ. ಸಾಲದು, ಐದು ಬೇಕು. ನಿನ್ನನ್ನು ಹೊತ್ತು ಮೇಲಕ್ಕೆ ಒಂದು, ಬರಿಗೈಯಲ್ಲಿ ಕೆಳಕ್ಕೆ ಒಂದು, ನನ್ನನ್ನು ಹೊತ್ತು ಮೇಲಕ್ಕೆ ಒಂದು, ಮತ್ತೆ ಕೆಳಕ್ಕೆ ಒಂದು, ಮಷೀನಿಗೆ ಒಂದು. ಅವಳ ವೃತ್ತದೊಳಗೆ ನಿನ್ನ ಪಕ್ಕದಲ್ಲಿ ಜಾಗವಿದ್ದರೆ ನನ್ನದೂ ಒಂದು ಗುಳಿ ಇರಲಿ. ಚಿಕ್ಕದಾದರೂ ಪರವಾಗಿಲ್ಲ.

ನಿಂತ ಕಲ್ಲಿನ ನೆತ್ತಿಯಲ್ಲಿ ಕೊರೆಯುವುದು ಕಷ್ಟವೆಂದು ಗೊತ್ತು. ಮುಂದಿನ ವಾರ ಬರುತ್ತೇನೆ. ಏಣಿ ನಾನು ಹಿಡಿದುಕೊಳ್ಳುತ್ತೇನೆ.

ಅಮ್ಮ ಹೊತ್ತು ತಂದವನು,
ನಿನ್ನ ಅಣ್ಣ